ಕೋಚನ್ನು ಅಳೆಯುವ ಮೊದಲು ಕೊಳಗ ಯಾವುದೆಂದು ಹೇಳೋಣ: ನೆಬ್ರಾಸ್ಕಾದ ಕನ್ನಡಿಗ ಹಸ್ಕರ್ ಅಭಿಮಾನಿಗಳಿಗೆ ಬಹಿರಂಗ ಪತ್ರ

ಲಿಂಕನ್, ಒಮಾಹಾ ಹಾಗೂ ಸುತ್ತಲಿನ ಊರುಗಳಲ್ಲಿ ನೆಲೆಸಿರುವ ಹಸ್ಕರ್ ಅಭಿಮಾನಿ ಕನ್ನಡಿಗರಿಗೆ,

ಮಾನ್ಯರೇ,

2025ರ ಅಕ್ಟೋಬರ್ 30ರ ಗುರುವಾರ ಸಂಜೆ, ರಾಜ್ಯೋತ್ಸವದ ನಾಟಕದ ತಾಲೀಮಿಗೆಂದು ನಾವು ಹತ್ತು ಹನ್ನೆರಡು ಮಂದಿ ಒಮಾಹಾದ ಮಿತ್ರರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಸೇರಿದ್ದೆವು. ನೆಬ್ರಾಸ್ಕಾ ವಿಶ್ವವಿದ್ಯಾಲಯವು ಹಸ್ಕರ್ಸ್ ಎಂಬ ತನ್ನ ಅಮೆರಿಕನ್ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಮ್ಯಾಟ್ ರೂಲ್ ಅವರ ಒಪ್ಪಂದವನ್ನು 2032ರವರೆಗೆ ವಿಸ್ತರಿಸಿದ ಸುದ್ದಿ ಅಂದೇ ಬಂದಿತ್ತು. ಅವರು ಓದಿ, ಆಡಿ ಬೆಳೆದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಅದೇ ತಿಂಗಳು ತನ್ನ ಕೋಚನ್ನು ತೆಗೆದುಹಾಕಿದ್ದರಿಂದ, ರೂಲ್ ಎಲ್ಲಿ ನಮ್ಮನ್ನು ಬಿಟ್ಟು ತವರಿಗೆ ಹೊರಟುಬಿಡುವರೋ ಎಂಬ ಅಳುಕು ಎರಡು ವಾರದಿಂದ ನಮ್ಮೆಲ್ಲರನ್ನೂ ಕಾಡುತ್ತಿತ್ತು. ತಂಡ ಅಷ್ಟರಲ್ಲಿ ಎಂಟು ಪಂದ್ಯಗಳಲ್ಲಿ ಆರನ್ನು ಗೆದ್ದಿತ್ತು. ತಾಲೀಮು ಅಲ್ಲಿಗೇ ನಿಂತು ಮಾತೆಲ್ಲ ಆ ಕಡೆ ತಿರುಗಿತು. ‘ಸದ್ಯ, ಬದುಕಿದೆವು’ ಎಂದು ಹಿರಿಯರೊಬ್ಬರು ಕೈಮುಗಿದದ್ದು ನನಗೆ ಚೆನ್ನಾಗಿ ನೆನಪಿದೆ. ಇಪ್ಪತ್ತೊಂಬತ್ತು ದಿನಗಳ ಬಳಿಕ, ಥ್ಯಾಂಕ್ಸ್‌ಗಿವಿಂಗ್ ಮರುದಿನದ ಶುಕ್ರವಾರ, ಅದೇ ಬೇಸ್‌ಮೆಂಟಿನಲ್ಲಿ ಅದೇ ಜನ ಕೂತು ನಮ್ಮ ತಂಡ ಅಯೋವಾ ಎದುರು 40–16ರಿಂದ ಸೋತದ್ದನ್ನು ನೋಡಿದೆವು. ಅದೇ ಹಿರಿಯರು ಚಿತ್ರಾನ್ನದ ತಟ್ಟೆಯನ್ನು ಕೆಳಗಿಟ್ಟು, ‘ಇವನಿಗೆ ಇಷ್ಟು ವರ್ಷ ಬರೆದುಕೊಟ್ಟವರು ಯಾರು?’ ಎಂದು ಕೇಳಿದರು. ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದೆವು. ಆ ಶುಕ್ರವಾರ ನನ್ನ ಟಿಕೆಟನ್ನು ಚಳಿಗೆ ಹೆದರಿ ಇನ್ನೊಬ್ಬರಿಗೆ ಕೊಟ್ಟು ಮನೆಯಲ್ಲಿ ಕೂತಿದ್ದ ನಾನೂ ತಲೆಯಾಡಿಸಿದವರಲ್ಲಿ ಒಬ್ಬ ಎಂಬುದನ್ನು ಮೊದಲೇ ಒಪ್ಪಿಕೊಂಡು ಈ ಪತ್ರವನ್ನು ಬರೆಯುತ್ತಿದ್ದೇನೆ.

ರೂಲ್ ಅವರನ್ನು ಉಳಿಸಿಕೊಳ್ಳಬೇಕೇ, ಕಳಿಸಬೇಕೇ ಎಂಬುದು ಈ ಪತ್ರದ ವಿಷಯವಲ್ಲ. ಪಾತಾಳಕ್ಕಿಳಿದ ತಂಡವೊಂದನ್ನು ಮತ್ತೆ ಕಟ್ಟಲು ಬಂದ ಕೋಚ್ ಎಷ್ಟು ದೂರ ಬಂದಿದ್ದಾರೆ ಎಂದು ತೀರ್ಮಾನಿಸುವಾಗ ಅಭಿಮಾನಿಗಳಾದ ನಾವು ಬಳಸುತ್ತಿರುವ ಅಳತೆಯ ಬಗ್ಗೆ ನನ್ನ ತಕರಾರಿದೆ. ನಾನು ರಾಣೆಬೆನ್ನೂರಿನ ಕಡೆಯವನು, ಮೆಕ್ಕೆಜೋಳದ ಸೀಮೆಯವನು. ತೆನೆ ಸುಲಿಯುವವರು ಎಂಬ ಅರ್ಥದ ಹೆಸರನ್ನೇ ಇಟ್ಟುಕೊಂಡ ತಂಡಕ್ಕೆ ಮನಸೋತದ್ದು ಅದಕ್ಕೂ ಇರಬಹುದು. ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯಲು ಕೂರುವ ಮೊದಲು ಯಾವ ಕೊಳಗದಲ್ಲಿ ಅಳೆಯುವುದು ಎಂದು ಎಲ್ಲರೆದುರು ಗೊತ್ತುಮಾಡಿಕೊಳ್ಳುತ್ತಿದ್ದರು. ಅರ್ಧ ಅಳೆದಾದ ಮೇಲೆ ಕೊಳಗ ಬದಲಿಸಿದರೆ ಜಗಳವಾಗುತ್ತಿತ್ತು. ನಾವು ಕಳೆದ ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಪ್ರತಿ ಶನಿವಾರವೂ ಕೊಳಗ ಬದಲಿಸುತ್ತಿದ್ದೇವೆ, ಮತ್ತು ಜಗಳವನ್ನು ಮಾತ್ರ ಕೋಚ್ ಜೊತೆ ಆಡುತ್ತಿದ್ದೇವೆ.

ಹಳೆಯ ಲೆಕ್ಕವನ್ನು ಒಮ್ಮೆ ನೋಡೋಣ. 1962ರಿಂದ 1997ರವರೆಗಿನ 36 ಋತುಗಳಲ್ಲಿ ಈ ತಂಡಕ್ಕೆ ಇದ್ದದ್ದು ಇಬ್ಬರೇ ಕೋಚ್‌ಗಳು: ಬಾಬ್ ಡೆವೇನಿ ಮತ್ತು ಟಾಮ್ ಆಸ್ಬೋರ್ನ್. ಇಬ್ಬರೂ ಸೇರಿ ಐದು ರಾಷ್ಟ್ರೀಯ ಪ್ರಶಸ್ತಿ ತಂದರು. 1998ರಿಂದ 2025ರವರೆಗಿನ 28 ಋತುಗಳಲ್ಲಿ, ನಡುನಡುವೆ ಹಂಗಾಮಿಯಾಗಿ ನಿಂತವರನ್ನು ಬಿಟ್ಟು, ಆರು ಮಂದಿ ಬಂದರು. 2003ರಲ್ಲಿ ಒಂಬತ್ತು ಪಂದ್ಯ ಗೆದ್ದು ಮೂರನ್ನು ಸೋತ ಫ್ರ್ಯಾಂಕ್ ಸೋಲಿಚ್ ಅವರನ್ನು ಅಷ್ಟು ಸಾಲದೆಂದು ತೆಗೆದರು. ಮರುವರ್ಷವೇ, 1961ರ ನಂತರ ಮೊದಲ ಬಾರಿಗೆ, ಗೆಲುವಿಗಿಂತ ಸೋಲೇ ಹೆಚ್ಚಾದ ಋತು ಬಂತು. 2014ರಲ್ಲಿ ಮತ್ತೆ ಒಂಬತ್ತು ಗೆದ್ದು ಮೂರು ಸೋತ ಬೋ ಪೆಲೀನಿ ಅವರನ್ನೂ ಅಷ್ಟು ಸಾಲದೆಂದೇ ಕಳಿಸಿದರು. ನಾನು ವಿದ್ಯಾರ್ಥಿಯಾಗಿ ಲಿಂಕನ್‌ಗೆ ಬಂದದ್ದು 2011ರಲ್ಲಿ, ತಂಡ ಬಿಗ್ ಟೆನ್ ಎಂಬ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟ ಸೇರಿದ ವರ್ಷ. ಪೆಲೀನಿ ಹೋದಾಗ ಸಂತೋಷಪಟ್ಟವರನ್ನು ಕಣ್ಣಾರೆ ಕಂಡಿದ್ದೇನೆ. ಹತ್ತು ವರ್ಷ ಕಳೆದು, 2024ರ ನವೆಂಬರ್‌ನಲ್ಲಿ ವಿಸ್ಕಾನ್ಸಿನ್ ತಂಡವನ್ನು 44–25ರಿಂದ ಸೋಲಿಸಿ ಆರನೆಯ ಗೆಲುವು ಸಿಕ್ಕಿ, 2016ರ ಬಳಿಕ ಮೊದಲ ಬಾರಿಗೆ, ಋತುವಿನ ಕೊನೆಗೆ ಆಡಿಸುವ ಬೋಲ್ ಪಂದ್ಯಕ್ಕೆ ಅರ್ಹತೆ ಬಂದಾಗ ಅದೇ ಜನ ಕಣ್ಣೀರು ಹಾಕಿದ್ದನ್ನೂ ಕಂಡಿದ್ದೇನೆ. ಒಂಬತ್ತು ಅವಮಾನವಾಗಿದ್ದ ಊರಿನಲ್ಲಿ ಆರು ಹಬ್ಬವಾಯಿತು. ಇದನ್ನು ಹೀಯಾಳಿಸುವ ಉದ್ದೇಶ ನನಗಿಲ್ಲ. ಬಿದ್ದವನಿಗೆ ಎದ್ದು ಕೂರುವುದೂ ದೊಡ್ಡದೇ. ಆದರೆ ಎದ್ದು ಕೂತದ್ದನ್ನು ಓಡಿದ್ದೆಂದು ಬರೆದುಕೊಂಡರೆ ಮುಂದಿನ ವರ್ಷದ ಲೆಕ್ಕ ತಪ್ಪುತ್ತದೆ, ಮತ್ತು ತಪ್ಪಿತು.

ನಮ್ಮಲ್ಲಿ ಎರಡು ಪಂಗಡಗಳಿವೆ. ‘ತಾಳ್ಮೆ ಬೇಕು’ ಎನ್ನುವವರು ಒಂದು ಕಡೆ, ‘ಇನ್ನೆಷ್ಟು ತಾಳ್ಮೆ’ ಎನ್ನುವವರು ಇನ್ನೊಂದು ಕಡೆ. ಮೊದಲನೆಯವರು ಮಾತು ಶುರುಮಾಡುವುದೇ ಆಸ್ಬೋರ್ನ್ ಅವರಿಂದ. ಅವರು ಮೊದಲ ಐದು ವರ್ಷ ಒಕ್ಲಹೋಮಾವನ್ನು ಸೋಲಿಸಲೇ ಇಲ್ಲ, ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1994ರಲ್ಲಿ, ಅಂದರೆ ಇಪ್ಪತ್ತೆರಡನೆಯ ಋತುವಿನಲ್ಲಿ, ಅಂದಿನ ಜನ ಕಾದರು, ನಾವೂ ಕಾಯಬೇಕು ಎಂಬುದು ಅವರ ವಾದ. ಈ ಕಥೆಯಲ್ಲಿ ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ಆಸ್ಬೋರ್ನ್ ಅವರು 25 ಋತುಗಳಲ್ಲಿ ಒಂದರಲ್ಲೂ ಒಂಬತ್ತಕ್ಕಿಂತ ಕಡಿಮೆ ಗೆಲ್ಲಲಿಲ್ಲ. ಅವರ ಒಟ್ಟು ಲೆಕ್ಕ 255 ಗೆಲುವು, 49 ಸೋಲು, 3 ಸಮ. ಅವರು ಮುರಿದ ಮನೆಯನ್ನು ಕಟ್ಟಲು ಬಂದವರಲ್ಲ, ನಿಂತ ಮನೆಗೆ ಮಹಡಿ ಎತ್ತಲು ಬಂದವರು. ಇನ್ನು ಅಂದಿನ ಅಭಿಮಾನಿಗಳೂ ನಾವು ಊಹಿಸಿಕೊಳ್ಳುವಷ್ಟು ಸಾಧುಗಳಾಗಿರಲಿಲ್ಲ. 1978ರ ಋತು ಮುಗಿದಾಗ ಆಸ್ಬೋರ್ನ್ ಕೊಲೊರಾಡೋಗೆ ಹೋಗುವ ಅಂಚಿನವರೆಗೂ ಬಂದಿದ್ದರು. ಆದುದರಿಂದ ರೂಲ್ ಅವರ ಪರವಾಗಿ ಆಸ್ಬೋರ್ನ್ ಅವರನ್ನು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ. ಕರೆಯಲೇಬೇಕೆಂದರೆ ನೆರೆಯ ಕ್ಯಾನ್ಸಸ್ ಸ್ಟೇಟ್‌ನ ಬಿಲ್ ಸ್ನೈಡರ್ ಅವರನ್ನು ಕರೆಯಬಹುದು. 1989ರಲ್ಲಿ ಅವರು ಬಂದಾಗ ಆ ತಂಡ ಗೆಲುವಿನ ಮುಖ ನೋಡಿ ಎರಡು ವರ್ಷ ದಾಟಿತ್ತು. ಮೊದಲ ವರ್ಷ ಒಂದು ಗೆಲುವು, ಎರಡನೆಯ ವರ್ಷ ಐದು, ಮೂರನೆಯ ವರ್ಷ ಏಳು, ನಾಲ್ಕನೆಯ ವರ್ಷ ಮತ್ತೆ ಐದಕ್ಕೆ ಇಳಿತ, ಐದನೆಯ ವರ್ಷ ಒಂಬತ್ತು. 1998ರಲ್ಲಿ ಅವರು ನಮ್ಮನ್ನೇ 40–30ರಿಂದ ಸೋಲಿಸಿದರು. ಆ ನಾಲ್ಕನೆಯ ವರ್ಷದಲ್ಲಿ ಅಲ್ಲಿಯ ಅಭಿಮಾನಿಗಳು ನಮ್ಮಂತೆ ತಟ್ಟೆ ಕೆಳಗಿಟ್ಟಿದ್ದರೆ ಏನಾಗುತ್ತಿತ್ತೋ.

ಆದರೆ ತಾಳ್ಮೆಯ ಪಂಗಡದವರು ಸ್ನೈಡರ್ ಕಾಲ ಮುಗಿದುಹೋಯಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಆಗ ಆಟಗಾರ ತಂಡ ಬದಲಿಸಿದರೆ ಒಂದು ವರ್ಷ ಸುಮ್ಮನೆ ಕೂರಬೇಕಿತ್ತು. 2021ರಲ್ಲಿ ಆ ಕಟ್ಟುಪಾಡು ಸಡಿಲವಾಯಿತು, ಆಮೇಲೆ ಪೂರ್ತಿ ಹೋಯಿತು. 2025ರ ಜುಲೈನಿಂದ ವಿಶ್ವವಿದ್ಯಾಲಯವೊಂದು ತನ್ನ ಕ್ರೀಡಾಪಟುಗಳಿಗೆ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದಾಗಿದೆ. ಇಂಡಿಯಾನಾ 2023ರಲ್ಲಿ ಮೂರು ಗೆದ್ದು ಒಂಬತ್ತು ಸೋತ ತಂಡ. ಕರ್ಟ್ ಸಿಗ್ನೆಟಿ ಅಲ್ಲಿಗೆ ಬರುವಾಗ ತಮ್ಮ ಹಿಂದಿನ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಒಂದು ಡಜನ್‌ಗೂ ಹೆಚ್ಚು ಆಟಗಾರರನ್ನು ಕರೆತಂದರು; ಮೊದಲ ವರ್ಷವೇ 11 ಗೆದ್ದರು, ಅದರಲ್ಲಿ ಒಂದು ನಮ್ಮ ಮೇಲಿನ 56–7ರ ಗೆಲುವು; ಎರಡನೆಯ ವರ್ಷ ಒಂದನ್ನೂ ಸೋಲದೆ ರಾಷ್ಟ್ರೀಯ ಪ್ರಶಸ್ತಿ ಪಡೆದರು. ಈಗ ಎರಡನೆಯ ಪಂಗಡದವರ ಕೊಳಗ ಇದೇ: ‘ಇಂಡಿಯಾನಾಕ್ಕೆ ಎರಡು ವರ್ಷ ಸಾಕಾಯಿತು, ನಮಗೇಕೆ ಆಗದು?’ ಈ ಪ್ರಶ್ನೆಯನ್ನು ಕ್ರೀಡಾ ವಿಭಾಗದವರು ಕೇಳಿಕೊಳ್ಳಲೇಬೇಕು. ಆದರೆ ಹತ್ತಾರು ವರ್ಷಗಳಲ್ಲಿ ಒಮ್ಮೆ ಬರುವ ಬೆಳೆಯನ್ನು ಎಲ್ಲರ ಹೊಲದಲ್ಲೂ ಪ್ರತಿ ವರ್ಷ ನಿರೀಕ್ಷಿಸುವವನನ್ನು ನಮ್ಮೂರಿನಲ್ಲಿ ರೈತ ಎನ್ನುವುದಿಲ್ಲ, ದಲ್ಲಾಳಿ ಎನ್ನುತ್ತಾರೆ.

ರೂಲ್ ಅವರ ವಿಷಯದಲ್ಲಿ ಇನ್ನೊಂದು ಕೊಳಗವೂ ಸೇರಿಕೊಂಡಿತು, ಅದು ಅವರದೇ ಜಾತಕದಿಂದ ಬಂದದ್ದು. ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಅವರು ಮೊದಲ ವರ್ಷ ಎರಡು, ಎರಡನೆಯ ವರ್ಷ ಆರು, ಮೂರನೆಯ ವರ್ಷ ಹತ್ತು ಪಂದ್ಯ ಗೆದ್ದಿದ್ದರು. ಬೇಲರ್‌ನಲ್ಲಿ ಒಂದು, ಏಳು, ಹನ್ನೊಂದು. ಈ ಎರಡು ಸಾಲುಗಳನ್ನು ನಾವು ಪಂಚಾಂಗದಂತೆ ಬಾಯಿಪಾಠ ಮಾಡಿಕೊಂಡು, ‘ಮೂರನೆಯ ವರ್ಷ ನೋಡಿ’ ಎಂದು ಪರಸ್ಪರ ಸಮಾಧಾನ ಹೇಳಿಕೊಂಡೆವು. ಇಲ್ಲಿ ಬಂದದ್ದು ಐದು, ಏಳು, ಏಳು. ಆ ಪಂಚಾಂಗ ಆಟಗಾರರು ಇಷ್ಟು ಸುಲಭವಾಗಿ ತಂಡ ಬದಲಿಸಲಾಗದ ಕಾಲದ್ದು, ಬಿಗ್ ಟೆನ್‌ನಲ್ಲಿ ಬರೆದದ್ದಲ್ಲ ಎಂಬ ಮಾತನ್ನು 2023ರಲ್ಲೇ ಯಾರಾದರೂ ಹೇಳಬಹುದಿತ್ತು. ಹೇಳಿದ್ದರೆ ಆಗ ಅಪಶಕುನ ನುಡಿದಂತಾಗುತ್ತಿತ್ತು. ಈಗ ಆ ಮೂರನೆಯ ವರ್ಷ ಸುಳ್ಳಾಯಿತೆಂದು, ನಾವೇ ಬರೆದ ಜಾತಕಕ್ಕಾಗಿ ಕೋಚನ್ನು ಹೊಣೆ ಮಾಡುತ್ತಿದ್ದೇವೆ.

ನನ್ನ ಬಳಿ ಊರಿನಿಂದ ತಂದ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕವೊಂದಿದೆ, ಕಿರಾಣಿ ಅಂಗಡಿಗಳಲ್ಲಿ ಬಳಸುವಂಥದ್ದು. 2018ರಿಂದ ಪ್ರತಿ ಪಂದ್ಯಕ್ಕೂ ಅದರಲ್ಲಿ ಒಂದು ಸಾಲು ಬರೆಯುತ್ತ ಬಂದಿದ್ದೇನೆ. ಆ ವರ್ಷವೇ ಏಕೆಂದರೆ, 1997ರಲ್ಲಿ ಪ್ರಶಸ್ತಿ ಗೆದ್ದ ತಂಡದಲ್ಲಿ ಚೆಂಡೆಸೆದು ಆಟ ನಡೆಸುತ್ತಿದ್ದ ಕ್ವಾರ್ಟರ್‌ಬ್ಯಾಕ್, ನಮ್ಮ ರಾಜ್ಯದ ಮಗ ಸ್ಕಾಟ್ ಫ್ರಾಸ್ಟ್ ಕೋಚ್ ಆಗಿ ಬಂದದ್ದು ಆಗ. ಒಳ್ಳೆಯ ಕಾಲದ ಲೆಕ್ಕ ಬರೆಯಬೇಕೆಂಬ ಆಸೆ. ಬರೆದದ್ದು 16 ಗೆಲುವು, 31 ಸೋಲು. ಆ ಪುಸ್ತಕದ 2021ರ ಪುಟವನ್ನು ನಾಚಿಕೆಯಿಂದಲೇ ಉಲ್ಲೇಖಿಸುತ್ತೇನೆ. ಆ ವರ್ಷ ಮೂರು ಗೆದ್ದು ಒಂಬತ್ತು ಸೋತೆವು; ಒಂಬತ್ತು ಸೋಲುಗಳಲ್ಲಿ ಒಂದರಲ್ಲೂ ಅಂತರ ಒಂಬತ್ತು ಅಂಕ ಮೀರಲಿಲ್ಲ; ಋತುವಿಡೀ ಗಳಿಸಿದ ಅಂಕಗಳು ಬಿಟ್ಟುಕೊಟ್ಟ ಅಂಕಗಳಿಗಿಂತ ಹೆಚ್ಚಾಗಿದ್ದವು. ಪುಟದ ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ, ‘ಹತ್ತಿರ ಬಂದಿದ್ದೇವೆ, ಇನ್ನು ಒಂದೇ ಹೆಜ್ಜೆ’ ಎಂದಿದೆ. ವಿಶ್ವವಿದ್ಯಾಲಯವೂ ಹಾಗೇ ನಂಬಿತೆಂದು ತೋರುತ್ತದೆ. ಸಂಬಳ ತಗ್ಗಿಸಿ ಫ್ರಾಸ್ಟ್ ಅವರನ್ನು ಇನ್ನೊಂದು ವರ್ಷಕ್ಕೆ ಉಳಿಸಿಕೊಂಡಿತು. ಆ ಒಂದು ಹೆಜ್ಜೆ ಎಲ್ಲಿಗೆ ಬಿತ್ತೆಂದು ತಮಗೆಲ್ಲ ಗೊತ್ತು. 2022ರ ಸೆಪ್ಟೆಂಬರ್ 10ರ ರಾತ್ರಿ ಜಾರ್ಜಿಯಾ ಸದರ್ನ್ ತಂಡ ನಮ್ಮ ಮೈದಾನದಲ್ಲೇ 642 ಗಜ ಕ್ರಮಿಸಿ 45–42ರಿಂದ ಗೆದ್ದಿತು, ಮರುದಿನ ಫ್ರಾಸ್ಟ್ ಹೋದರು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಅವರಿಗೆ ಕೊಡಬೇಕಿದ್ದ ಒಂದೂವರೆ ಕೋಟಿ ಡಾಲರ್ ಅರ್ಧಕ್ಕೆ ಇಳಿಯುತ್ತಿತ್ತು, ಅಷ್ಟೂ ಕಾಯಲಾಗಲಿಲ್ಲ. ‘ಕಡಿಮೆ ಅಂತರದ ಸೋಲೇ ಪ್ರಗತಿ’ ಎಂಬ ಕೊಳಗದ ತಳ ಅಂದು ಒಡೆಯಿತು.

ಹಾಗೆಂದು ಅಂಕಿಗಳು ಸುಳ್ಳು ಹೇಳುತ್ತವೆ ಎಂದಲ್ಲ. ಅವುಗಳಿಗೆ ಕೇಳುವ ಪ್ರಶ್ನೆ ಸರಿ ಇರಬೇಕು. ರೂಲ್ ಅವರ ಮೂರು ವರ್ಷಗಳ ಸಾಲುಗಳನ್ನು ಈ ಚಳಿಗಾಲದಲ್ಲಿ ಕೂತು ಮತ್ತೆ ಓದಿದೆ. ಒಂದೇ ಬಾರಿ ಅಂಕ ಗಳಿಸಿ ಸರಿಗಟ್ಟಬಹುದಾದ, ಅಂದರೆ ಎಂಟು ಅಥವಾ ಅದಕ್ಕಿಂತ ಕಡಿಮೆ ಅಂತರದ ಪಂದ್ಯಗಳನ್ನು ಬೇರೆ ಮಾಡಿದೆ. 2023ರಲ್ಲಿ ಅಂಥವು ಆರು: ಗೆದ್ದದ್ದು ಒಂದು, ಸೋತದ್ದು ಐದು. 2024ರಲ್ಲಿ ಏಳು: ಗೆದ್ದದ್ದು ಎರಡು, ಸೋತದ್ದು ಐದು. 2025ರಲ್ಲಿ ಆರು: ಗೆದ್ದದ್ದು ನಾಲ್ಕು, ಸೋತದ್ದು ಎರಡು. ಫ್ರಾಸ್ಟ್ ಕಾಲದಿಂದ ಈ ತಂಡಕ್ಕೆ ಅಂಟಿಕೊಂಡಿದ್ದ, ಕೊನೆಯ ಗಳಿಗೆಯಲ್ಲಿ ಕೈ ನಡುಗುವ ಕಾಯಿಲೆ ವಾಸಿಯಾಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಈಗ ಅದೇ ಪುಟಗಳಲ್ಲಿ ದೊಡ್ಡ ಅಂತರದ ಸೋಲುಗಳನ್ನು ಎಣಿಸಿದೆ. 2023ರಲ್ಲಿ ಎರಡು, 2024ರಲ್ಲಿ ಇಂಡಿಯಾನಾ ಎದುರಿನದು ಒಂದೇ, 2025ರಲ್ಲಿ ನಾಲ್ಕು: ಮಿನೆಸೋಟಾ 24–6, ಪೆನ್ ಸ್ಟೇಟ್ 37–10, ಅಯೋವಾ 40–16, ಬೋಲ್ ಪಂದ್ಯದಲ್ಲಿ ಯೂಟಾ 44–22. ಅಂದರೆ ಹಳೆಯ ಕಾಯಿಲೆ ಇಳಿಯುತ್ತಿದ್ದಂತೆ ಹೊಸದೊಂದು ಏರಿದೆ. ಬಲವಾಗಿ ನೂಕುವ ತಂಡ ಎದುರಿಗೆ ಬಂದರೆ ನಾವು ಮಧ್ಯಾಹ್ನಕ್ಕೇ ಕುಸಿಯುತ್ತಿದ್ದೇವೆ. ಏಳು ಗೆಲುವು, ಏಳು ಗೆಲುವು ಎಂದು ಎರಡು ವರ್ಷವನ್ನು ಪಕ್ಕಪಕ್ಕ ಬರೆದು ‘ಇದ್ದಲ್ಲೇ ಇದ್ದೇವೆ’ ಎನ್ನುವವರಿಗೆ ಈ ಎರಡರಲ್ಲಿ ಒಂದೂ ಕಾಣುವುದಿಲ್ಲ. ತಂಡ ಇದ್ದಲ್ಲಿ ಇಲ್ಲ. ಒಂದು ಕಡೆ ಮುಂದೆ ಹೋಗಿದೆ, ಇನ್ನೊಂದು ಕಡೆ ಹಿಂದೆ ಬಿದ್ದಿದೆ.

ಅಯೋವಾ ಎದುರಿನ ಮೂರು ಪಂದ್ಯಗಳನ್ನೇ ನೋಡಿ. 2023ರ ನವೆಂಬರ್ 24ರಂದು ನಾನು ಮೆಮೋರಿಯಲ್ ಸ್ಟೇಡಿಯಂನ ಉತ್ತರ ಭಾಗದಲ್ಲಿದ್ದೆ. ಪಕ್ಕದ ಆಸನ ಹಲವು ವರ್ಷಗಳಿಂದ ಜೋಳ, ಸೋಯಾ ಬೆಳೆಯುವ ವೃದ್ಧ ರೈತರೊಬ್ಬರದು. ನನಗೆ ಈ ಆಟವನ್ನು ನೋಡಲು ಕಲಿಸಿದವರೇ ಅವರು. ‘ಚೆಂಡಿನ ಹಿಂದೆ ಹೋಗಬೇಡ, ಮೊದಲ ಎರಡು ಸೆಕೆಂಡು ನಡುವಿನ ಐದು ಜನರ ಕಾಲು ನೋಡು. ಅವರ ಹಿಮ್ಮಡಿ ಹಿಂದಕ್ಕೆ ಬಂದರೆ ಚೆಂಡು ಎಲ್ಲಿಗೆ ಹೋದರೇನು’ ಎಂದು ಮೊದಲ ವರ್ಷವೇ ಹೇಳಿದ್ದರು. ಅಂದು 10–10 ಸಮವಿದ್ದಾಗ, ಗಡಿಯಾರದಲ್ಲಿ ಕೆಲವೇ ಸೆಕೆಂಡು ಉಳಿದಿದ್ದಾಗ ನಾವು ಎಸೆದ ಚೆಂಡು ಅವರ ಕೈ ಸೇರಿತು, ಅವರ ಒದೆಗಾರ ಕೊನೆಯ ಕ್ಷಣದಲ್ಲಿ 38 ಗಜದಿಂದ ಒದ್ದ ಫೀಲ್ಡ್ ಗೋಲ್ ಕಂಬಗಳ ನಡುವೆ ಹೋಯಿತು. ಸುತ್ತಲಿನವರು ಎಸೆದ ಹುಡುಗನನ್ನು ಬೈಯುತ್ತಿದ್ದರೆ ಅವರು ಥರ್ಮಸ್‌ನ ಮುಚ್ಚಳ ತಿರುಗಿಸುತ್ತ, ‘ನಮ್ಮವರ ಹಿಮ್ಮಡಿ ಇವತ್ತು ನಿಂತಲ್ಲೇ ನಿಂತಿತ್ತು’ ಎಂದಷ್ಟೇ ಹೇಳಿದರು. ಮರುವರ್ಷ ಅಯೋವಾ ಸಿಟಿಯಲ್ಲಿ ಮತ್ತೆ ಅದೇ 13–10, ಮತ್ತೆ ಕೊನೆಯ ಕ್ಷಣದ ಒದೆತ, ಈ ಬಾರಿ 53 ಗಜದಿಂದ. ಆ ದಿನ ಅಯೋವಾ ಇಡೀ ಪಂದ್ಯದಲ್ಲಿ 200 ಗಜವನ್ನೂ ದಾಟಿರಲಿಲ್ಲ. ಮೂರನೆಯ ವರ್ಷ 40–16. ಮೊದಲ ಎರಡು ಸೋಲುಗಳಿಗೆ ಹೃದಯ ಒಡೆದುಕೊಂಡು ಶಾಪ ಹಾಕಿದೆವು, ಮೂರನೆಯದನ್ನೂ ಅವುಗಳ ಸಾಲಿಗೇ ಸೇರಿಸಿ ‘ಮತ್ತೆ ಅಯೋವಾ’ ಎಂದೆವು. ನಿಜವಾಗಿ ಗಾಬರಿಪಡಬೇಕಿದ್ದದ್ದು ಮೂರನೆಯದಕ್ಕೆ, ಏಕೆಂದರೆ ಅಂದು ಹಿಮ್ಮಡಿ ಹಿಂದಕ್ಕೆ ಬಂದಿತ್ತು. ಇನ್ನೊಂದು ಸಂಗತಿಯನ್ನು ನಾವು ಬೇಗ ಮರೆಯುತ್ತೇವೆ: ಅಯೋವಾವನ್ನು ನಾವು ಕಡೆಯ ಬಾರಿ ಸೋಲಿಸಿದ್ದು 2022ರಲ್ಲಿ, ಹಂಗಾಮಿ ಕೋಚ್ ಕೈಕೆಳಗೆ, ಅವರದೇ ಮೈದಾನದಲ್ಲಿ. ಒಂದೇ ಪಂದ್ಯದಿಂದ ಕೋಚನ್ನು ಅಳೆಯುವುದಾದರೆ ಆ ಹುದ್ದೆ ಅವರಿಗೇ ಸಿಗಬೇಕಿತ್ತು.

ರೂಲ್ ಅವರ ವಿರುದ್ಧವಾಗಿ ನನ್ನ ಪುಸ್ತಕ ಹೇಳುವುದನ್ನೂ ಮುಚ್ಚಿಡುವುದಿಲ್ಲ. ಅವರ ಮೂರು ನವೆಂಬರ್‌ಗಳಲ್ಲಿ ಹನ್ನೆರಡು ಪಂದ್ಯಗಳಾಗಿವೆ, ಗೆದ್ದದ್ದು ಎರಡು. ನವೆಂಬರ್ ಎಂದರೆ ಗಾಯಗೊಂಡವರ ಜಾಗದಲ್ಲಿ ನಿಲ್ಲುವವರನ್ನು ಎಷ್ಟು ತಯಾರು ಮಾಡಿದ್ದೀರಿ ಎಂದು ಕೇಳುವ ತಿಂಗಳು. 2025ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ, ಕ್ವಾರ್ಟರ್‌ಬ್ಯಾಕ್ ಡಿಲನ್ ರಯೋಲಾ ಅವರ ಕಾಲು ಮುರಿದದ್ದು ದುರದೃಷ್ಟ. ಆದರೆ ಋತು ಮುಗಿದ ಮೇಲೆ ಅವರು ಆರೆಗಾನ್‌ಗೆ ಹೊರಟುಹೋದದ್ದನ್ನು ಬರೀ ದುರದೃಷ್ಟದ ಖಾತೆಗೆ ಬರೆಯಲಾಗದು. 2016ರ ಸೆಪ್ಟೆಂಬರ್‌ನಲ್ಲಿ ಆರೆಗಾನ್ ತಂಡವನ್ನು ಸೋಲಿಸಿದ ಮೇಲೆ, ದೇಶದ ಮೊದಲ ಇಪ್ಪತ್ತೈದು ತಂಡಗಳ ರ‍್ಯಾಂಕಿಂಗ್‌ನಲ್ಲಿದ್ದ ಒಂದೇ ಒಂದು ತಂಡವನ್ನೂ ನಾವು 2025ರ ಕೊನೆಯವರೆಗೆ ಸೋಲಿಸಿಲ್ಲ. ಆ ಒಂಬತ್ತು ವರ್ಷಗಳಲ್ಲಿ ಮೂರು ರೂಲ್ ಅವರವು. ರಕ್ಷಣೆಯ ಹೊಣೆ ಹೊತ್ತವರು ಪದೇ ಪದೇ ಬದಲಾಗಿದ್ದಾರೆ; ಅದರ ಹೊಣೆಯೂ ಮುಖ್ಯ ಕೋಚ್‌ನದೇ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಎಮೆಟ್ ಜಾನ್ಸನ್ ಇದ್ದಾರೆ. ಹಿಂದಿನ ಕೋಚ್ ಕಾಲದಲ್ಲಿ 2022ರಲ್ಲಿ ಸೇರಿ, ಕೋಚ್ ಬದಲಾದರೂ, ತಂಡ ಬದಲಿಸುವವರು ಹೆಸರು ಕೊಡುವ ಪೋರ್ಟಲ್ ಕಡೆ ನೋಡದೆ ಉಳಿದು, 2025ರಲ್ಲಿ 1,400ಕ್ಕೂ ಹೆಚ್ಚು ಗಜ ಓಡಿದ ಹುಡುಗ. ಕೈಗೆ ಬಂದ ಆಟಗಾರನನ್ನು ಬೆಳೆಸಬಲ್ಲರೇ ಎಂಬ ಪ್ರಶ್ನೆಗೆ ರೂಲ್ ಕೊಡಬಹುದಾದ ಅತ್ಯುತ್ತಮ ಉತ್ತರ ಅದು. ಅಂಥ ಉತ್ತರಗಳು ನಾಲ್ಕನೆಯ ವರ್ಷದ ಹೊತ್ತಿಗೆ ಇನ್ನೂ ಹೆಚ್ಚು ಇರಬೇಕಿತ್ತು ಎಂಬುದೂ ನನ್ನ ಅಭಿಪ್ರಾಯ.

ಈ ಎಲ್ಲದರ ನಡುವೆ ಒಂದು ವಿಷಯವನ್ನು ಕಟುವಾಗಿಯೇ ಹೇಳಬೇಕಾಗಿದೆ. 2024ರಲ್ಲಿ ಯುಸಿಎಲ್‌ಎ ಎದುರು ಸೋಲುತ್ತಿದ್ದಾಗ ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮವರೇ ಒಬ್ಬರು, ಇಲ್ಲಿಯವರಿಗೆ ಅರ್ಥವಾಗದೆಂಬ ಧೈರ್ಯದಿಂದ, ಮೊದಲ ವರ್ಷದ ಆಟಗಾರನೊಬ್ಬನನ್ನು ಅಚ್ಚ ಕನ್ನಡದಲ್ಲಿ ಬೈದರು. ಅವರ ಪಕ್ಕದಲ್ಲಿ ಅವರ ಹತ್ತು ವರ್ಷದ ಮಗ ಕೂತಿದ್ದ. ಆ ಮಗುವಿಗೆ ಕನ್ನಡ ಬರುತ್ತದೆ. ‘ಈಗ ಅವರಿಗೆ ದುಡ್ಡು ಕೊಡುತ್ತಾರಲ್ಲ’ ಎಂಬ ಸಮರ್ಥನೆಯನ್ನು ಆಮೇಲೆ ಕೇಳಿದೆ. ದುಡ್ಡು ಬಂದದ್ದು ಅವರ ದುಡಿಮೆಗೆ, ನಮ್ಮ ಬಾಯಿಚಪಲಕ್ಕಲ್ಲ. ಎದುರಾಳಿ ತಂಡ ಮೈದಾನ ಬಿಡುವಾಗ ಚಪ್ಪಾಳೆ ತಟ್ಟಿ ಕಳಿಸುವ ರೂಢಿ ಈ ಸ್ಟೇಡಿಯಂನಲ್ಲಿದೆ. ಕಾಲೇಜು ಫುಟ್‌ಬಾಲ್‌ನ ಅತ್ಯಂತ ಶ್ರೇಷ್ಠ ಅಭಿಮಾನಿಗಳು ಈ ದ್ವಾರಗಳ ಮೂಲಕ ಹಾದುಹೋಗುತ್ತಾರೆ ಎಂದು ಬಾಗಿಲಿನ ಮೇಲೆ ಬರೆದಿದೆ. 1962ರ ನವೆಂಬರ್ 3ರಿಂದ ಪ್ರತಿ ಪಂದ್ಯದ ಟಿಕೆಟ್‌ಗಳೂ ಮಾರಾಟವಾಗಿವೆ ಎಂಬ ದಾಖಲೆಯನ್ನು ನಾವು ಕಂಡಕಂಡವರಿಗೆ ಹೇಳಿಕೊಳ್ಳುತ್ತೇವೆ. ಆ ಕಟ್ಟಡದ ನೈಋತ್ಯ ಮೂಲೆಯಲ್ಲಿ, ಹಾರ್ಟ್ಲಿ ಬರ್ ಅಲೆಕ್ಸಾಂಡರ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕರು ಬರೆದ ಸಾಲುಗಳು ಕೆತ್ತಿವೆ: ಗೆಲುವಲ್ಲ, ಕರ್ಮ, ಗುರಿಯಲ್ಲ, ಆಟ, ಮಾಡುವುದರಲ್ಲೇ ಕೀರ್ತಿ. ನಮ್ಮ ಅಜ್ಜಂದಿರಿಗೆ ಓದಿ ಹೇಳಿದ್ದರೆ ಇದು ನಮ್ಮದೇ ಮಾತಲ್ಲವೇ ಎನ್ನುತ್ತಿದ್ದರು. ಅದರ ಕೆಳಗೇ ಹಾದುಹೋಗಿ ನಾವು ಹಾಗೆ ನಡೆದುಕೊಳ್ಳುತ್ತಿದ್ದೇವೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಮೊದಲನೆಯದಾಗಿ, ರೂಲ್ ಅವರ ನಾಲ್ಕನೆಯ ಋತುವಿನ ಮೊದಲ ಪಂದ್ಯಕ್ಕೆ ಮುನ್ನ ಪ್ರತಿಯೊಬ್ಬರೂ ತಾವು ಯಾವುದನ್ನು ಪ್ರಗತಿ ಎಂದು ಎಣಿಸುತ್ತೀರಿ ಎಂಬುದನ್ನು ಬರೆದಿಟ್ಟುಕೊಳ್ಳಿ, ಮತ್ತು ಋತು ಮುಗಿಯುವವರೆಗೆ ಅದನ್ನು ತಿದ್ದಬೇಡಿ. ಗೆಲುವಿನ ಸಂಖ್ಯೆಯೇ ಸಾಕೆನ್ನುವವರು ಸಂಖ್ಯೆಯನ್ನೇ ಬರೆಯಿರಿ. ಅದರಲ್ಲಿ ತಪ್ಪಿಲ್ಲ, ಆದರೆ ಎಂಟು ಎಂದು ಬರೆದವರು ಎಂಟು ಬಂದ ದಿನ ಒಂಬತ್ತು ಕೇಳಬಾರದು. ನನ್ನದನ್ನು ಇಲ್ಲೇ ಹೇಳಿಬಿಡುತ್ತೇನೆ: ಹದಿನೇಳು ಅಂಕಕ್ಕಿಂತ ದೊಡ್ಡ ಅಂತರದ ಸೋಲು ಒಂದಕ್ಕಿಂತ ಹೆಚ್ಚಿರಬಾರದು, ನವೆಂಬರ್‌ನಲ್ಲಿ ಕನಿಷ್ಠ ಅರ್ಧದಷ್ಟು ಪಂದ್ಯ ಗೆಲ್ಲಬೇಕು, ರ‍್ಯಾಂಕಿಂಗ್‌ನಲ್ಲಿರುವ ಒಂದಾದರೂ ತಂಡವನ್ನು ಸೋಲಿಸಬೇಕು, ತಾವೇ ಕರೆತಂದು ಬೆಳೆಸಿದ ಆಟಗಾರರು ಋತು ಮುಗಿದ ಮೇಲೂ ಇಲ್ಲೇ ಉಳಿಯಬೇಕು. ಇವುಗಳಲ್ಲಿ ಮೂರು ಆಗದಿದ್ದರೆ, ಗೆಲುವು ಏಳಿರಲಿ ಎಂಟಿರಲಿ, ಕಟ್ಟುವ ಕೆಲಸ ನಿಂತಿದೆ ಎಂದು ನಾನು ಒಪ್ಪುತ್ತೇನೆ, ಮತ್ತು ಆಗ ತಾಳ್ಮೆಯ ಮಾತನ್ನು ಆಡುವುದಿಲ್ಲ.

ಎರಡನೆಯದಾಗಿ, ಒಪ್ಪಂದ ವಿಸ್ತರಣೆಯ ಸುದ್ದಿ ಬಂದಾಗ ಕೈಮುಗಿಯುವ ಮೊದಲು, ಅದು ನಡೆದ ಕೆಲಸಕ್ಕೆ ಸಿಕ್ಕ ಫಲವೋ ಅಥವಾ ಬೇರೆಯವರು ಎಳೆದುಕೊಂಡು ಹೋಗುವರೆಂಬ ಭಯಕ್ಕೆ ತೆತ್ತ ಬೆಲೆಯೋ ಎಂದು ಒಂದು ದಿನ ಯೋಚಿಸೋಣ. 2022ರಲ್ಲಿ ಎಂಟು ವರ್ಷಕ್ಕೆ 7.4 ಕೋಟಿ ಡಾಲರ್‌ಗೆ ಆದ ಒಪ್ಪಂದ ಅರ್ಧವೂ ಮುಗಿದಿರಲಿಲ್ಲ ಎಂಬುದನ್ನು ಅಂದು ನಾವ್ಯಾರೂ ಹೇಳಲಿಲ್ಲ. ಹೀಗೆ ಭಯದಿಂದ ಸಂಭ್ರಮಿಸುವವರಿಗೆ ಮುಂದೆ ಕೋಪಗೊಳ್ಳುವ ಹಕ್ಕು ಅಷ್ಟಷ್ಟೇ ಕರಗುತ್ತದೆ. ಮೂರನೆಯದಾಗಿ, ಋತುವಿನ ಟಿಕೆಟ್ ಹೊಂದಿರುವ ನಾವೆಲ್ಲ ಸೇರಿ ಕ್ರೀಡಾ ವಿಭಾಗಕ್ಕೆ ಒಂದು ಮನವಿ ಸಲ್ಲಿಸೋಣ: ಕೋಚ್‌ನ ಕೆಲಸವನ್ನು ವಿಭಾಗವು ಯಾವ ಅಂಶಗಳ ಮೇಲೆ ಅಳೆಯುತ್ತದೆ ಎಂಬುದನ್ನು ಋತು ಆರಂಭವಾಗುವ ಮುನ್ನ ಸಾರ್ವಜನಿಕವಾಗಿ ತಿಳಿಸಲಿ. ಮನವಿಯ ಕರಡನ್ನು ಇಂಗ್ಲಿಷ್‌ನಲ್ಲಿ ಸಿದ್ಧಪಡಿಸಿದ್ದೇನೆ. ತಮ್ಮ ಇಲ್ಲಿಯ ನೆರೆಹೊರೆಯವರೂ ಸಹಿ ಹಾಕಬಹುದು, ಪಕ್ಕದ ಆಸನದ ರೈತರು ಆಗಲೇ ಹಾಕಿದ್ದಾರೆ.

ಮೊದಲ ಪಂದ್ಯದ ದಿನ ಬೆಳಿಗ್ಗೆ ಎಂದಿನಂತೆ ನಾವು ಕಾರು ನಿಲ್ಲಿಸುವ ಜಾಗದಲ್ಲಿ ಸೇರುತ್ತೇವಲ್ಲ, ಅಲ್ಲಿಗೆ ಕೆಂಪು ರಟ್ಟಿನ ಪುಸ್ತಕವನ್ನು ತರುತ್ತೇನೆ. ಅದರಲ್ಲಿ ಹೊಸ ಪುಟವೊಂದನ್ನು ಖಾಲಿ ಬಿಟ್ಟಿದ್ದೇನೆ. ಇಡ್ಲಿ ಡಬ್ಬಿ ತೆರೆಯುವ ಮೊದಲು ತಾವೆಲ್ಲ ತಮ್ಮ ತಮ್ಮ ಅಳತೆಯನ್ನು ಒಂದು ಸಾಲಿನಲ್ಲಿ ಬರೆದು, ಕೆಳಗೆ ಸಹಿ ಹಾಕಿ, ದಿನಾಂಕ ನಮೂದಿಸಬೇಕೆಂದು ಕೋರುತ್ತೇನೆ. ಅಯೋವಾ ಪಂದ್ಯ ಮುಗಿದ ಸಂಜೆ ಅದೇ ಬೇಸ್‌ಮೆಂಟಿನಲ್ಲಿ ಆ ಪುಟವನ್ನು ಗಟ್ಟಿಯಾಗಿ ಓದುವ ಕೆಲಸವನ್ನು, ಅಂದು ಚಿತ್ರಾನ್ನದ ತಟ್ಟೆ ಕೆಳಗಿಟ್ಟ ಹಿರಿಯರೇ ವಹಿಸಿಕೊಳ್ಳಲು ಒಪ್ಪಿದ್ದಾರೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮವನೇ ಆದ,
ಉತ್ತರ ಗ್ಯಾಲರಿಯ ಒಬ್ಬ ಟಿಕೆಟ್‌ದಾರ
ಲಿಂಕನ್, ನೆಬ್ರಾಸ್ಕಾ